ನೆಲ ಬಿಡದ ಯುದ್ಧವಿಮಾನಗಳು

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯೊಂದಿತ್ತು. ಮಾಲೀಕರ ಮಗ ಎಡ್ವಿನ್ ಲಿಂಕ್‌ಗೆ ವಿಮಾನದ ಹುಚ್ಚು. 1920ರ ದಶಕದಲ್ಲಿ ಹಾರಾಟ ಕಲಿಯುವುದೆಂದರೆ ಕೈ ಸುಡುವಷ್ಟು ಖರ್ಚಿನ ಬಾಬ್ತು. ಪಾಠದ ದೊಡ್ಡ ಭಾಗವನ್ನು ನೆಲದ ಮೇಲೇ ಮುಗಿಸಿಬಿಡುವ ಉಪಾಯವನ್ನು ಲಿಂಕ್ ಹುಡುಕತೊಡಗಿದರು. ಕಾರ್ಖಾನೆಯಲ್ಲಿ ಕೈಗೆ ಸಿಗುತ್ತಿದ್ದದ್ದು ಆರ್ಗನ್ನಿಗೆ ಗಾಳಿ ಊದುವ ತಿದಿಗಳು, ಕವಾಟಗಳು, ಪಂಪುಗಳು. ಅವನ್ನೇ ಜೋಡಿಸಿ, ಅದರ ಮೇಲೆ ಮೋಟುರೆಕ್ಕೆಯ ಮರದ ವಿಮಾನವೊಂದನ್ನು ಕೂರಿಸಿದರು. ಒಳಗೆ ಕೂತವನು ಕೋಲನ್ನು ಎಳೆದರೆ ಒಂದು ತಿದಿ ಉಬ್ಬುತ್ತದೆ, ಇನ್ನೊಂದು ಕುಗ್ಗುತ್ತದೆ, ವಿಮಾನದ ಮೂಗು ಮೇಲೇಳುತ್ತದೆ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಯಂತ್ರವನ್ನು ಮೊದಲು ಕೊಂಡವರು ಮನರಂಜನಾ ಪಾರ್ಕಿನವರು. ಸೇನೆಗೆ ಅದು ಬೇಕಾಗಿರಲಿಲ್ಲ.

ಬೇಕಾದದ್ದು 1934ರಲ್ಲಿ. ಆ ವರ್ಷ ಅಮೆರಿಕದ ಸರ್ಕಾರ ಖಾಸಗಿ ಕಂಪನಿಗಳಿಂದ ಟಪಾಲು ಸಾಗಣೆಯ ಗುತ್ತಿಗೆ ಕಿತ್ತುಕೊಂಡು ಸೇನೆಯ ಪೈಲಟ್‌ಗಳಿಗೆ ಒಪ್ಪಿಸಿತು. ಹಗಲಲ್ಲಿ, ಶುಭ್ರ ಆಕಾಶದಲ್ಲಿ ಹಾರಿ ಅಭ್ಯಾಸವಿದ್ದ ಅವರು ಮಂಜು ಮತ್ತು ಕತ್ತಲಲ್ಲಿ ಬರೀ ಮೀಟರುಗಳನ್ನು ನಂಬಿ ಹಾರಬೇಕಾಯಿತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸೇನೆ ಓಡಿಬಂದು ಲಿಂಕ್ ಅವರಿಂದ ಆರು ಯಂತ್ರಗಳನ್ನು ತಲಾ 3,500 ಡಾಲರಿಗೆ ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಐದು ಲಕ್ಷಕ್ಕೂ ಹೆಚ್ಚು ವಿಮಾನಿಗಳು ನೀಲಿ ಬಣ್ಣದ ಈ ಪೆಟ್ಟಿಗೆಯಲ್ಲಿ ಕೂತು ಎದ್ದಿದ್ದರು.

ಪಾರ್ಕಿನ ಆಟಿಕೆ ಸೇನೆಯ ಶಾಲೆಗೆ ಹೋದ ಈ ದಾರಿಯಲ್ಲಿ ಅಲ್ಲಿಂದೀಚೆಗೆ ಎರಡೂ ಕಡೆಯಿಂದ ಸಂಚಾರ ನಿಂತಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಜೆಟ್ ಯುದ್ಧವಿಮಾನ ಹಾರಿಸುವ ಹವ್ಯಾಸದ ಇತಿಹಾಸ ಹೆಚ್ಚುಕಡಿಮೆ ಈ ಸಂಚಾರದ ಇತಿಹಾಸವೇ. ಅದರಲ್ಲಿ ಕಂಪನಿಗಳಿಗಿಂತ ಹೆಚ್ಚು ಕಾಲ ಬಾಳಿದವರು ಸಂಬಳವಿಲ್ಲದೆ ದುಡಿದ ಹವ್ಯಾಸಿಗಳು.

ಕಂಪ್ಯೂಟರಿಗೆ ವಿಮಾನ ಇಳಿದದ್ದು ಬ್ರೂಸ್ ಆರ್ಟ್‌ವಿಕ್ ಅವರಿಂದ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಅವರು ಬರೆದ ಪ್ರಬಂಧ, ಸಣ್ಣ ಕಂಪ್ಯೂಟರಿನ ಪರದೆಯ ಮೇಲೆ ಹಾರಾಟವನ್ನು ಮೂರು ಆಯಾಮಗಳಲ್ಲಿ ತೋರಿಸುವ ಬಗ್ಗೆ. ಮುಂದೆ ಅವರ ಸಬ್‌ಲಾಜಿಕ್ ಕಂಪನಿ ಆಪಲ್ 2 ಕಂಪ್ಯೂಟರಿಗೆ ತಂದ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನೆಲವೆಂದರೆ ಗೆರೆಗಳ ಜಾಲ, ಬೆಟ್ಟವೆಂದರೆ ತ್ರಿಕೋನ. ಆದರೂ ಅದರೊಳಗೇ ಮೊದಲ ಮಹಾಯುದ್ಧದ ಒಂದು ವಾಯುಕಾಳಗವನ್ನೂ ಸೇರಿಸಿದ್ದರು. 1982ರಲ್ಲಿ ಇದೇ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಐಬಿಎಂ ಪಿಸಿಗೆ ಬಂತು. ಬರೀ ಹಾರಿ ಇಳಿಯುವುದರಲ್ಲಿ ಎಲ್ಲರಿಗೂ ತೃಪ್ತಿ ಇರಲಿಲ್ಲ.

ಅದೇ ವರ್ಷ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ಒಂದೇ ಕಂಪನಿಯ ಇಬ್ಬರು ನೌಕರರು ಕಾಸು ಹಾಕಿ ಆಡುವ ರೆಡ್ ಬ್ಯಾರನ್ ಯಂತ್ರದ ಮುಂದೆ ಕೂತರು. ಒಬ್ಬರು ಬಿಲ್ ಸ್ಟೀಲಿ, ಅಮೆರಿಕದ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಇನ್ನೊಬ್ಬರು ಸಿಡ್ ಮೈಯರ್, ಪ್ರೋಗ್ರಾಮರ್. ಗೆದ್ದದ್ದು ಮೈಯರ್. ಶತ್ರು ವಿಮಾನಗಳು ಯಾವ ಕ್ರಮದಲ್ಲಿ ತಿರುಗುತ್ತವೆ ಎಂಬುದನ್ನು ಅವರು ನೋಡುನೋಡುತ್ತಲೇ ಹಿಡಿದುಬಿಟ್ಟಿದ್ದರು. ಇದಕ್ಕಿಂತ ಒಳ್ಳೆಯದನ್ನು ನಾನೇ ಬರೆಯಬಲ್ಲೆ ಎಂದು ಮೈಯರ್ ಹೇಳಿದರು, ಬರೆದರೆ ನಾನು ಮಾರುತ್ತೇನೆ ಎಂದು ಸ್ಟೀಲಿ ಮಾತು ಕೊಟ್ಟರು. ಮೈಕ್ರೋಪ್ರೋಸ್ ಹುಟ್ಟಿದ ಕಥೆ ಇಷ್ಟೇ. ಅವರ ಎಫ್-15 ಸ್ಟ್ರೈಕ್ ಈಗಲ್ 1980ರ ದಶಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಸ್ಟೀಲಿ ಪೈಲಟ್ ಸೂಟು ತೊಟ್ಟೇ ವ್ಯಾಪಾರಕ್ಕೆ ಹೋಗುತ್ತಿದ್ದರು. ಯುದ್ಧವಿಮಾನದ ಆಟಕ್ಕೆ ನಿಜವಾದ ಪೈಲಟ್‌ನ ಮುಖವೇ ಜಾಹೀರಾತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಾಲದ ಕಂಪ್ಯೂಟರುಗಳಿಗೆ ಕಸುವು ಸಾಲದು, ವಿಮಾನದ ಬಗ್ಗೆ ಸಿಗುತ್ತಿದ್ದ ಮಾಹಿತಿಯೂ ಸಾಲದು. ಎರಡನೆಯದಕ್ಕೆ ಸೊಗಸಾದ ಉದಾಹರಣೆ 1988ರ ಎಫ್-19 ಸ್ಟೆಲ್ತ್ ಫೈಟರ್. ರಾಡಾರಿಗೆ ಕಾಣದ ವಿಮಾನವೊಂದನ್ನು ಅಮೆರಿಕ ಗುಟ್ಟಾಗಿ ಹಾರಿಸುತ್ತಿದೆ ಎಂಬ ಗುಸುಗುಸು ಎಲ್ಲೆಡೆ ಇತ್ತು. ಎಫ್-18ರ ನಂತರ ಎಫ್-20 ಬಂದಿದ್ದರಿಂದ ನಡುವೆ ತಪ್ಪಿಹೋದ 19 ಅದರದ್ದೇ ಎಂದು ಜನ ಲೆಕ್ಕ ಹಾಕಿದರು. ಟೆಸ್ಟರ್ಸ್ ಕಂಪನಿ 1986ರಲ್ಲೇ ಅದರ ಪ್ಲಾಸ್ಟಿಕ್ ಮಾದರಿ ಮಾಡಿ ಮಾರಿತ್ತು. ಮೈಕ್ರೋಪ್ರೋಸ್ ಕೂಡ ನುಣುಪಾದ, ಬಾಗು ಮೈಯ ವಿಮಾನವನ್ನು ಊಹಿಸಿತು. 1988ರ ನವೆಂಬರಿನಲ್ಲಿ ಪೆಂಟಗನ್ ಒಂದು ಮಸುಕು ಫೋಟೋ ಬಿಡುಗಡೆ ಮಾಡಿತು. ವಿಮಾನದ ಹೆಸರು ಎಫ್-117, ಮೈಯೆಲ್ಲ ಚಪ್ಪಟೆ ಹಲಗೆಗಳು, ಚೂಪು ಮೂಲೆಗಳು. ಊಹೆ ಪೂರ್ತಿ ತಲೆಕೆಳಗು. ಆದರೆ ಆಟದೊಳಗಿನ ತರ್ಕ ಕೆಟ್ಟಿರಲಿಲ್ಲ. ರಾಡಾರುಗಳ ಸಂದುಗಳನ್ನು ನೋಡಿಕೊಂಡು, ಎತ್ತರ ತಗ್ಗಿಸಿ, ಮೈಯ ಕಿರಿದಾದ ಬದಿಯನ್ನಷ್ಟೇ ಶತ್ರುವಿಗೆ ಕೊಟ್ಟು ನುಸುಳುವ ಆ ಲೆಕ್ಕಾಚಾರಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ. 1991ರಲ್ಲಿ ಕಂಪನಿ ಅದನ್ನೇ ಎಫ್-117ರ ಹೆಸರಿನಲ್ಲಿ ತಿದ್ದಿ ಮತ್ತೆ ಮಾರಿತು.

ಗುಟ್ಟಿನ ವಿಮಾನ ಬಿಟ್ಟು ಎಲ್ಲರೂ ಬಲ್ಲ ವಿಮಾನವನ್ನು ಹಿಡಿದವರು ಸ್ಪೆಕ್ಟ್ರಮ್ ಹೋಲೋಬೈಟ್‌ನ ಗಿಲ್ಮನ್ ಲೂಯಿ. 1987ರಲ್ಲಿ ಬಂದ ಅವರ ಫಾಲ್ಕನ್ ಎಫ್-16 ವಿಮಾನದ ಸಿಮ್ಯುಲೇಟರ್. ಆಯ್ಕೆ ಜಾಣತನದ್ದು. ಎಫ್-16 ಒಬ್ಬನೇ ಹಾರಿಸುವ ವಿಮಾನ, ಆದ್ದರಿಂದ ಹಿಂದಿನ ಸೀಟಿನವನನ್ನು ಕಂಪ್ಯೂಟರಿನಲ್ಲಿ ನಟಿಸಬೇಕಾಗಿಲ್ಲ. ಹತ್ತಾರು ದೇಶಗಳಿಗೆ ಮಾರಿದ ವಿಮಾನವಾದ್ದರಿಂದ ಅದರ ಬಗ್ಗೆ ಓದಲು ಸಿಗುವುದೂ ಹೆಚ್ಚು. ಮೇಲಾಗಿ ಅದರ ಕಾಕ್‌ಪಿಟ್ಟೇ ಕಂಪ್ಯೂಟರಿನ ಹಾಗಿದೆ: ಕಣ್ಣೆದುರಿನ ಗಾಜಿನ ಮೇಲೆ ಹಸಿರು ಅಂಕಿಗಳು, ಮೊಣಕಾಲಿನ ಇಕ್ಕೆಲದಲ್ಲಿ ಎರಡು ಪರದೆ, ಬಲಗೈ ಬದಿಯಲ್ಲಿ ಪುಟ್ಟ ಕೋಲು. ಆ ಕೋಲು ಮೊದಲ ವಿಮಾನಗಳಲ್ಲಿ ಅಲುಗುತ್ತಲೇ ಇರಲಿಲ್ಲ, ಕೈ ಒತ್ತುವ ಬಲವನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಅದು ಹಿಡಿಸಲಿಲ್ಲವೆಂದು ಆಮೇಲೆ ಕೂದಲೆಳೆಯಷ್ಟು ಅಲುಗುವಂತೆ ಮಾಡಿದರು. ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತದಿಂದಲೇ ಹಾರುವ ವಿಮಾನವನ್ನು ಕೀಬೋರ್ಡಿನಿಂದ ಹಾರಿಸುವುದು ಅಷ್ಟೇನೂ ದೂರದ ಮಾತಾಗಿರಲಿಲ್ಲ.

1991ರ ಫಾಲ್ಕನ್ 3.0 ಈ ಹವ್ಯಾಸಕ್ಕೆ ಅದರ ಗಂಭೀರ ಮುಖ ಕೊಟ್ಟಿತು. ಕೊಲ್ಲಿ ಯುದ್ಧದ ಹಸಿರುಬಣ್ಣದ ಟಿವಿ ದೃಶ್ಯಗಳು ಜನರ ಕಣ್ಣಲ್ಲಿ ಇನ್ನೂ ಹಸಿಯಾಗಿದ್ದ ವರ್ಷ ಅದು. ಹಾರಾಟದ ಲೆಕ್ಕವನ್ನು ಪೂರ್ತಿ ನಿಖರವಾಗಿ ಬೇಕೆನ್ನುವವರು ತಮ್ಮ 386 ಕಂಪ್ಯೂಟರಿಗೆ ಗಣಿತದ ಪ್ರತ್ಯೇಕ ಚಿಪ್ಪೊಂದನ್ನು ಕೊಂಡು ಸೇರಿಸಬೇಕಿತ್ತು. ಡಾಸ್‌ನ 640 ಕಿಲೋಬೈಟ್ ಮೆಮೊರಿಯಲ್ಲಿ ಬಹುಪಾಲನ್ನು ಅದೊಂದೇ ನುಂಗುತ್ತಿದ್ದರಿಂದ, ವಿಮಾನ ಹಾರಿಸುವ ಮೊದಲು ಮೌಸಿನ ಡ್ರೈವರ್ ತೆಗೆಯುವುದೋ ಇಡುವುದೋ ಎಂದು ಗಂಟೆಗಟ್ಟಲೆ ಕಂಪ್ಯೂಟರಿನ ಜೊತೆ ಗುದ್ದಾಡಬೇಕಿತ್ತು. ಒಂದು ತಲೆಮಾರಿನ ಹುಡುಗರು ಆಪರೇಟಿಂಗ್ ಸಿಸ್ಟಮ್ ಕಲಿತದ್ದೇ ಹೀಗೆ. ವರ್ಜೀನಿಯಾದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಎಫ್-16 ಹಾರಿಸುತ್ತಿದ್ದ ಪೀಟ್ ಬೊನಾನಿ ಸಲಹೆಗಾರರಾಗಿ ಬಂದು, ಆಟಗಾರರಿಗಾಗಿ ವಾಯುಕಾಳಗದ ಪಾಠಗಳನ್ನೇ ಬರೆದರು. ಎದುರಾಳಿಯ ಹಿಂದೆ ಬೀಳುವುದು ಹೇಗೆ, ವೇಗ ಕಳೆದುಕೊಳ್ಳದೆ ತಿರುಗುವುದು ಹೇಗೆ ಎಂಬುದು ನಿಜವಾದ ಸ್ಕ್ವಾಡ್ರನ್‌ಗಳಲ್ಲಿ ಹೇಳಿಕೊಡುವ ವಿದ್ಯೆ. ಅದೀಗ ಮಲಗುವ ಕೋಣೆಯ ಮೇಜಿಗೆ ಬಂದಿತ್ತು.

ಮುಂದಿನ ಏಳೆಂಟು ವರ್ಷ ಸುಗ್ಗಿ. ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಡಿಜಿಟಲ್ ಇಮೇಜ್ ಡಿಸೈನ್ ಕಂಪನಿ 1995ರಲ್ಲಿ ಇಎಫ್2000 ತಂದಿತು. ಅದರಲ್ಲಿದ್ದ ಯೂರೋಫೈಟರ್ ಆಗಿನ್ನೂ ಯಾವ ವಾಯುಪಡೆಗೂ ಸೇರಿರಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಶಸ್ತ್ರಾಸ್ತ್ರಗಳ ವಾರ್ಷಿಕ ಕೋಶಗಳಿಗೆ ಹೆಸರಾದ ಜೇನ್ಸ್ ಜೊತೆ ಕೈಜೋಡಿಸಿ ಲಾಂಗ್‌ಬೋ, ಎಫ್-15, ಎಫ್/ಎ-18 ಹೀಗೆ ಒಂದರ ಮೇಲೊಂದು ಹೊರತಂದಿತು. ಸೋವಿಯತ್ ಒಕ್ಕೂಟ ಒಡೆದ ವರ್ಷವೇ ಮಾಸ್ಕೋದಲ್ಲಿ ಶುರುವಾದ ಈಗಲ್ ಡೈನಮಿಕ್ಸ್, 1995ರಲ್ಲಿ ಅಮೆರಿಕದ ಪ್ರಕಾಶಕರ ಮೂಲಕ ಸು-27 ಫ್ಲ್ಯಾಂಕರ್ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ಪಶ್ಚಿಮದ ಆಟಗಳಲ್ಲಿ ಹೊಡೆದುರುಳಿಸುವ ಗುರಿಯಷ್ಟೇ ಆಗಿದ್ದ ರಷ್ಯನ್ ವಿಮಾನದಲ್ಲಿ ಆಟಗಾರ ಈಗ ತಾನೇ ಕೂತ. ಕಾಕ್‌ಪಿಟ್ಟಿನ ಬರಹ ರಷ್ಯನ್ ಲಿಪಿಯಲ್ಲಿ, ಎತ್ತರ ಮೀಟರಿನಲ್ಲಿ.

ಇವೆಲ್ಲದರ ತುದಿಯಲ್ಲಿ ನಿಲ್ಲುವುದು 1998ರ ಡಿಸೆಂಬರಿನಲ್ಲಿ ಬಂದ ಫಾಲ್ಕನ್ 4.0. ಅಷ್ಟರಲ್ಲಿ ಸ್ಪೆಕ್ಟ್ರಮ್ ಹೋಲೋಬೈಟ್ ಮತ್ತು ಮೈಕ್ರೋಪ್ರೋಸ್ ಒಂದಾಗಿದ್ದವು, ಒಂದಾದದ್ದನ್ನು ಆಟಿಕೆ ಕಂಪನಿ ಹ್ಯಾಸ್ಬ್ರೊ ಕೊಂಡಿತ್ತು. ಪೆಟ್ಟಿಗೆಯೊಳಗೆ ಸಿ.ಡಿ. ಜೊತೆ ರಿಂಗ್ ಬೈಂಡರಿನಲ್ಲಿ ಪೋಣಿಸಿದ ನೂರಾರು ಪುಟಗಳ ಕೈಪಿಡಿ. ಅದನ್ನು ಓದದೆ ವಿಮಾನ ಹಾರಿಸುವುದು ಸುಲಭವಿರಲಿಲ್ಲ.

ಇಂಥ ಸಿಮ್ಯುಲೇಟರುಗಳಲ್ಲಿ ವಿಮಾನ ಶುರು ಮಾಡುವುದೆಂದರೇನು ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಎಲ್ಲ ಆರಿಹೋಗಿರುವ ಎಫ್-16ರಲ್ಲಿ ಕೂತವನು ಮೊದಲು ಮುಖ್ಯ ವಿದ್ಯುತ್ತಿನ ಸ್ವಿಚ್ಚನ್ನು ಬ್ಯಾಟರಿಗೆ, ಆಮೇಲೆ ಪೂರ್ತಿ ಮುಂದಕ್ಕೆ ತಳ್ಳಬೇಕು. ಜೆಟ್ ಎಂಜಿನ್ನನ್ನು ತಿರುಗಿಸಲು ಇನ್ನೊಂದು ಪುಟ್ಟ ಎಂಜಿನ್ ಇದೆ, ಅದನ್ನು ತಿರುಗಿಸಲು ಒತ್ತಡ ತುಂಬಿದ ಎರಡು ಸಿಲಿಂಡರುಗಳಿವೆ. ಸ್ಟಾರ್ಟ್ 2 ಎಂದು ಬರೆದ ಕಡೆಗೆ ಸ್ವಿಚ್ ಒತ್ತಿದರೆ ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ಎಂಜಿನ್ನಿನ ವೇಗದ ಮುಳ್ಳು 20 ಶೇಕಡಾ ಮುಟ್ಟುವವರೆಗೆ ಕಾಯಬೇಕು, ಆಮೇಲೆ ಥ್ರಾಟಲನ್ನು ಆಫ್‌ನಿಂದ ಐಡಲ್‌ಗೆ ತರಬೇಕು. ಇಂಧನ ಹೊತ್ತಿಕೊಳ್ಳುತ್ತದೆ, ಉಷ್ಣತೆಯ ಮುಳ್ಳು ಏರುತ್ತದೆ, ಎಚ್ಚರಿಕೆಯ ದೀಪಗಳು ಒಂದೊಂದಾಗಿ ಆರುತ್ತವೆ. ಅಷ್ಟಾದರೂ ವಿಮಾನಕ್ಕೆ ತಾನೆಲ್ಲಿದ್ದೇನೆಂಬುದು ಗೊತ್ತಿಲ್ಲ. ದಿಕ್ಕು ತಿಳಿಸುವ ಗೈರೊ ವ್ಯವಸ್ಥೆ ಸರಿಹೊಂದಲು ಸುಮಾರು ಎಂಟು ನಿಮಿಷ ಬೇಕು. ಆ ಎಂಟು ನಿಮಿಷ ಆಟಗಾರ ರೇಡಿಯೊ, ರಾಡಾರು, ದೀಪಗಳನ್ನು ಪರೀಕ್ಷಿಸುತ್ತ ಕೂರುತ್ತಾನೆ. ಗುಂಡು ಹಾರಿಸುವುದಿರಲಿ, ಚಕ್ರವೂ ಉರುಳಿಲ್ಲ. ಹೊರಗಿನವರಿಗೆ ಇದರಲ್ಲಿ ಏನು ಮಜಾ ಎಂದು ಅರ್ಥವಾಗುವುದಿಲ್ಲ. ಈ ಹವ್ಯಾಸಕ್ಕೆ ಬಿದ್ದವರು ಬಿದ್ದದ್ದು ಬಹುಪಾಲು ಇದಕ್ಕೇ. ಯುದ್ಧದ ಆಟ ಎಂಬ ಹೆಸರಿದ್ದರೂ ಇದರ ಜೀವಾಳ ಗುಂಡಿನಲ್ಲಿಲ್ಲ, ಕ್ರಮಪಾಠದಲ್ಲಿದೆ.

ಫಾಲ್ಕನ್ 4.0ರ ನಿಜವಾದ ಸಾಧನೆ ಕಾಕ್‌ಪಿಟ್ಟಿನ ಹೊರಗಿತ್ತು. ಕೊರಿಯಾ ಪರ್ಯಾಯದ್ವೀಪದಲ್ಲಿ ಎರಡನೆಯ ಯುದ್ಧವೊಂದು ನಡೆಯುತ್ತಿದೆ ಎಂಬುದು ಅದರ ಕಲ್ಪನೆ. ಅದುವರೆಗಿನ ಆಟಗಳಲ್ಲಿ ಮೊದಲೇ ಬರೆದಿಟ್ಟ ಕಾರ್ಯಾಚರಣೆಗಳು ಒಂದಾದ ಮೇಲೊಂದು ಬರುತ್ತಿದ್ದವು. ಇಲ್ಲಿ ಯುದ್ಧ ತನ್ನಷ್ಟಕ್ಕೆ ಗಡಿಯಾರದ ಜೊತೆ ಸಾಗುತ್ತಿತ್ತು. ಟ್ಯಾಂಕುಗಳ ಬೆಟಾಲಿಯನ್ ರಸ್ತೆ ಹಿಡಿದು ದಕ್ಷಿಣಕ್ಕೆ ಬರುತ್ತಿದೆ. ಸೇತುವೆ ಮುರಿದರೆ ಅದು ನಿಲ್ಲುತ್ತದೆ, ಕಾರ್ಖಾನೆಗೆ ಬಾಂಬು ಬಿದ್ದರೆ ದಿನಗಳ ನಂತರ ಎದುರಾಳಿಯ ಸರಬರಾಜು ಸೊರಗುತ್ತದೆ. ಆಟಗಾರ ಹಾರದೆ ಮಲಗಿದರೂ ಯುದ್ಧ ನಿಲ್ಲುವುದಿಲ್ಲ. ಅವನು ಆ ದಿನ ಹೊರಟ ಹತ್ತಾರು ತಂಡಗಳಲ್ಲಿ ಒಬ್ಬ, ಅಷ್ಟೆ.

1998ರ ಕಂಪ್ಯೂಟರಿನಲ್ಲಿ ಸಾವಿರಾರು ವಾಹನ, ವಿಮಾನಗಳನ್ನು ನಡೆಸುವುದು ಹೇಗೆ? ಆಟಗಾರನ ಸುತ್ತ ಒಂದು ಕಾಣದ ಗುಳ್ಳೆ. ಗುಳ್ಳೆಯ ಹೊರಗೆ ಒಂದು ಬೆಟಾಲಿಯನ್ ಎಂದರೆ ನಕ್ಷೆಯ ಮೇಲಿನ ಒಂದು ಅಂಕಿ, ಅದರ ಕಾಳಗ ಸಂಭವನೀಯತೆಯ ಲೆಕ್ಕ. ಆಟಗಾರನ ವಿಮಾನ ಹತ್ತಿರ ಬಂದೊಡನೆ ಆ ಅಂಕಿ ಒಡೆದು ಒಂದೊಂದು ಟ್ಯಾಂಕೂ ಒಂದೊಂದು ಲಾರಿಯೂ ಆಗಿ ರಸ್ತೆಯ ಮೇಲೆ ನಿಲ್ಲುತ್ತದೆ. ಅವನು ದಾಟಿ ಹೋದ ಮೇಲೆ, ಸುಟ್ಟ ಲಾರಿಗಳನ್ನು ಕಳೆದು ಉಳಿದದ್ದು ಮತ್ತೆ ಅಂಕಿಯಾಗುತ್ತದೆ. ಬುದ್ಧಿವಂತ ಜಿಪುಣತನ ಎಂದರೆ ಇದು.

ಆದರೆ ಇದೆಲ್ಲ ಸರಿಯಾಗಿ ನಡೆದಾಗ ಮಾತ್ರ. ಹಬ್ಬದ ಮಾರಾಟಕ್ಕೆಂದು ಅವಸರದಲ್ಲಿ ಹೊರಬಿದ್ದ ಆಟ ದೋಷಗಳ ಮೂಟೆಯಾಗಿತ್ತು. ಹಾರಾಟದ ಮಧ್ಯೆ ಕಂಪ್ಯೂಟರು ಕೈಕೊಡುತ್ತಿತ್ತು, ಜೊತೆಗಾರ ವಿಮಾನಗಳು ಬೆಟ್ಟಕ್ಕೆ ಹೋಗಿ ಬಡಿಯುತ್ತಿದ್ದವು. ತಂಡ ಒಂದು ವರ್ಷ ತೇಪೆಯ ಮೇಲೆ ತೇಪೆ ಹಾಕಿತು. 1999ರ ಡಿಸೆಂಬರಿನಲ್ಲಿ ಹ್ಯಾಸ್ಬ್ರೊ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿದ್ದ ಆ ಕಚೇರಿಯನ್ನೇ ಮುಚ್ಚಿತು. ಕೊನೆಯ ತೇಪೆಯ ಸಂಖ್ಯೆ 1.08.

2000ದ ಏಪ್ರಿಲ್‌ನಲ್ಲಿ, ತಂಡದಲ್ಲಿ ಕೆಲಸ ಮಾಡಿದ್ದ ಪ್ರೋಗ್ರಾಮರ್ ಒಬ್ಬರು ಫಾಲ್ಕನ್ 4.0ರ ಮೂಲ ಕೋಡನ್ನು ಇಂಟರ್‌ನೆಟ್ಟಿನ ಒಂದು ಮೂಲೆಯಲ್ಲಿ ಇಟ್ಟುಬಿಟ್ಟರು. ಕಾನೂನಿನ ದೃಷ್ಟಿಯಲ್ಲಿ ಅದು ಕಳವು, ಅನುಮಾನವಿಲ್ಲ. ಆದರೆ ಆ ಕೋಡು ಯಾರದೋ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದರೆ ಅಲ್ಲೇ ಕೊಳೆಯುತ್ತಿತ್ತು. ಅದೇ ಕಾಲದ ಜೇನ್ಸ್ ಸಿಮ್ಯುಲೇಟರುಗಳನ್ನು ಇವತ್ತು ಹೊಸ ಕಂಪ್ಯೂಟರಿನಲ್ಲಿ ಓಡಿಸುವುದೇ ಒಂದು ಸಾಹಸ. ಫಾಲ್ಕನ್ನಿನ ಗತಿ ಬೇರೆಯಾಯಿತು. ದೇಶದೇಶಗಳ ಹವ್ಯಾಸಿಗಳು ಕೋಡನ್ನು ಹಂಚಿಕೊಂಡು ದುರಸ್ತಿಗೆ ಕೂತರು. ಗುಂಪುಗಳು ಕಟ್ಟಿದವು, ಜಗಳವಾಡಿ ಒಡೆದವು, ಮತ್ತೆ ಸೇರಿದವು: ಸೂಪರ್‌ಪ್ಯಾಕ್, ಫ್ರೀಫಾಲ್ಕನ್, ಓಪನ್‌ಫಾಲ್ಕನ್, ಬೆಂಚ್‌ಮಾರ್ಕ್ ಸಿಮ್ಸ್. ಕೊನೆಯದು ಫಾಲ್ಕನ್ ಬಿಎಂಎಸ್ ಎಂಬ ಹೆಸರಿನಲ್ಲಿ 2011ರಲ್ಲಿ 4.32ನೇ ಆವೃತ್ತಿ ತಂದಾಗ ಒಳಗಿನ ಬಹುಭಾಗ ಹೊಸದಾಗಿತ್ತು. ಅದಕ್ಕೆ ಬೆಲೆಯಿಲ್ಲ. ಒಂದೇ ಷರತ್ತು, ಬಳಸುವವರ ಕಂಪ್ಯೂಟರಿನಲ್ಲಿ 1998ರ ಮೂಲ ಫಾಲ್ಕನ್ ಇರಬೇಕು. ಹೀಗಾಗಿ ಹಳೆಯ ಆಟ ಇವತ್ತಿಗೂ ಆನ್‌ಲೈನ್ ಅಂಗಡಿಗಳಲ್ಲಿ ನಾಲ್ಕು ಕಾಸಿಗೆ ಮಾರಾಟವಾಗುತ್ತಿದೆ. ಕೊಂಡವರಲ್ಲಿ ಅದನ್ನೇ ಹಾರಿಸುವವರು ಇರಲಾರರು.

ಗಿಲ್ಮನ್ ಲೂಯಿ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದರು. 1999ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗಾಗಿ ತಂತ್ರಜ್ಞಾನದಲ್ಲಿ ಬಂಡವಾಳ ಹೂಡಲು ಹುಟ್ಟಿದ ಇನ್-ಕ್ಯೂ-ಟೆಲ್‌ಗೆ ಅವರೇ ಮೊದಲ ಮುಖ್ಯಸ್ಥರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಂಗಡಿಗಳ ಕಪಾಟಿನಿಂದ ಈ ಬಗೆಯ ಆಟಗಳು ಹೆಚ್ಚುಕಡಿಮೆ ಮಾಯವಾದವು. ತಯಾರಿಗೆ ವರ್ಷಗಳು ಬೇಕು, ಕೊಳ್ಳುವವರು ಕೈಪಿಡಿ ಓದುವ ತಾಳ್ಮೆಯ ಕೆಲವರೇ. ಟಿವಿಗೆ ಸಿಕ್ಕಿಸುವ ಗೇಮ್ ಕನ್ಸೋಲಿನ ಹತ್ತು ಗುಂಡಿಗಳಲ್ಲಿ ಎಫ್-16 ಹಿಡಿಸುವುದಿಲ್ಲ. ಬರಗಾಲ ದಾಟಿದ ಕಂಪನಿ ಮಾಸ್ಕೋದ್ದು. ಈಗಲ್ ಡೈನಮಿಕ್ಸ್ 2003ರಲ್ಲಿ ಲಾಕ್ ಆನ್, 2008ರಲ್ಲಿ ರಷ್ಯದ ಕಾ-50 ಹೆಲಿಕಾಪ್ಟರು, 2011ರಲ್ಲಿ ಅಮೆರಿಕದ ಎ-10ಸಿ ತಂದಿತು. ಈ ಎ-10ಸಿಯ ಹಿನ್ನೆಲೆ ಸ್ವಾರಸ್ಯದ್ದು. ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ತನ್ನ ಪೈಲಟ್‌ಗಳಿಗೆ ಹೊಸ ಕಾಕ್‌ಪಿಟ್ ಕಲಿಸಲು ಮೇಜಿನ ಮೇಲಿನ ಸಿಮ್ಯುಲೇಟರ್ ಮಾಡಿಸಿಕೊಂಡಿತ್ತು. ಅದನ್ನೇ ಕೆಲವು ಬದಲಾವಣೆಗಳೊಂದಿಗೆ ಸಾರ್ವಜನಿಕರಿಗೆ ಮಾರಿದರು. ಅಮೆರಿಕದ ಪೈಲಟ್‌ಗೆ ಪಾಠ ಬರೆದವರು ರಷ್ಯನ್ ಪ್ರೋಗ್ರಾಮರುಗಳು. ಶೀತಲ ಸಮರದ ಕಾಲದಲ್ಲಿ ಇಂಥದ್ದನ್ನು ಕಾದಂಬರಿಯಲ್ಲಿ ಬರೆದಿದ್ದರೂ ಯಾರೂ ನಂಬುತ್ತಿರಲಿಲ್ಲ.

ವ್ಯಾಪಾರದ ವಿಧಾನವೂ ಬದಲಾಯಿತು. ಈಗಲ್ ಡೈನಮಿಕ್ಸ್‌ನ ಡಿಸಿಎಸ್ ವರ್ಲ್ಡ್ ಎಂಬ ಬುನಾದಿ ಉಚಿತ. ಒಂದೊಂದು ವಿಮಾನಕ್ಕೂ ಬೇರೆ ಬೇರೆ ಬೆಲೆ, ದೊಡ್ಡವಕ್ಕೆ ಎಂಬತ್ತು ಡಾಲರಿನ ಆಸುಪಾಸು. ಬೇರೆ ಕಂಪನಿಗಳೂ ಅದಕ್ಕೆ ವಿಮಾನ ಕಟ್ಟಿಕೊಡಬಹುದು. 2019ರಲ್ಲಿ ಹೀಟ್‌ಬ್ಲರ್ ಕಂಪನಿ ತಂದ ಎಫ್-14 ಟಾಮ್‌ಕ್ಯಾಟ್‌ನಲ್ಲಿ ಹಿಂದಿನ ಸೀಟಿನ ರಾಡಾರ್ ಅಧಿಕಾರಿಯನ್ನು ಕಂಪ್ಯೂಟರೇ ನಟಿಸುತ್ತದೆ, ಆಗಾಗ ಹರಟುತ್ತದೆ ಕೂಡ. ಅಮೆರಿಕದ ನೌಕಾಪಡೆ 2006ರಲ್ಲಿ ನಿವೃತ್ತಿ ಮಾಡಿದ ಟಾಮ್‌ಕ್ಯಾಟ್‌ಗಳಲ್ಲಿ ಬಹಳಷ್ಟನ್ನು, ಬಿಡಿಭಾಗ ಇರಾನಿನ ಕೈಗೆ ಸಿಗಬಾರದೆಂದು ಚೂರುಚೂರು ಮಾಡಲಾಯಿತು. ಇರಾನ್ ಬಿಟ್ಟರೆ ಅದನ್ನು ಹಾರಿಸುವ ದಾರಿ ಉಳಿದಿರುವುದು ಸಿಮ್ಯುಲೇಟರುಗಳಲ್ಲಷ್ಟೇ. 2014ರಲ್ಲಿ ಬಂದ ಮಿಗ್-21 ಬಿಸ್‌ಗೆ ಭಾರತೀಯ ವಾಯುಪಡೆಯ ಬಣ್ಣ ಬಳಿದು ಹಾರಿಸುವವರಿದ್ದಾರೆ. ನಿಜವಾದ ಮಿಗ್-21ಗಳನ್ನು ನಮ್ಮ ವಾಯುಪಡೆ 2025ರ ಸೆಪ್ಟೆಂಬರಿನಲ್ಲಿ ಚಂಡೀಗಢದಲ್ಲಿ ಬೀಳ್ಕೊಟ್ಟಿತು.

ನಿಖರತೆಯ ಹಸಿವಿಗೆ ಒಂದು ಅಪಾಯದ ಅಂಚೂ ಇದೆ. ಎಫ್-16ರ ಕೈಪಿಡಿಗಳನ್ನು ಇಬೇನಲ್ಲಿ ಕೊಂಡು ರಷ್ಯಕ್ಕೆ ತರಿಸಿಕೊಳ್ಳಲು ಹೋದ ಈ ರಂಗದ ಡೆವಲಪರ್ ಒಬ್ಬರನ್ನು ಜಾರ್ಜಿಯಾ ದೇಶದಲ್ಲಿ ಬಂಧಿಸಿ ಅಮೆರಿಕಕ್ಕೆ ಒಪ್ಪಿಸಲಾಯಿತು. 2019ರಲ್ಲಿ ತಪ್ಪೊಪ್ಪಿಕೊಂಡ ಮೇಲೆ, ಅದುವರೆಗೆ ಜೈಲಿನಲ್ಲಿ ಕಳೆದ ಕಾಲವನ್ನೇ ಶಿಕ್ಷೆಯೆಂದು ಪರಿಗಣಿಸಿ ಬಿಟ್ಟರು. ವಾರ್ ಥಂಡರ್ ಎಂಬ ಇನ್ನೊಂದು ಆಟದ ಅಭಿಮಾನಿಗಳು 2021ರಿಂದೀಚೆಗೆ, ಆಟದಲ್ಲಿನ ಟ್ಯಾಂಕು ಅಥವಾ ವಿಮಾನದ ಲೆಕ್ಕ ತಪ್ಪೆಂದು ವಾದಿಸಲು ಬೇರೆ ಬೇರೆ ದೇಶಗಳ ಸೇನಾ ದಾಖಲೆಗಳನ್ನೇ ತಂದು ಹಾಕಿದ್ದಾರೆ. ಬೇಹುಗಾರಿಕೆಯೇನೂ ಅಲ್ಲ, ವಾದದಲ್ಲಿ ಗೆಲ್ಲುವ ಹಟ ಅಷ್ಟೆ.

ಸಿಮ್ಯುಲೇಟರಿನ ಈ ಕಥೆ ಬೆಂಗಳೂರನ್ನು ಹಾದುಹೋಗುವುದು ಆಟದ ಬದಿಯಿಂದಲ್ಲ, ಪ್ರಯೋಗಾಲಯದ ಬದಿಯಿಂದ. ಭಾರತದ ಯುದ್ಧವಿಮಾನ ತೇಜಸ್ ಸ್ವಭಾವತಃ ಅಸ್ಥಿರ. ಕಂಪ್ಯೂಟರು ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದು ನೆಟ್ಟಗೆ ಹಾರದು. ತಿದ್ದುವ ನಿಯಮಗಳನ್ನು ಬರೆಯಲು 1992ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಒಂದು ತಂಡ ಕಟ್ಟಿದರು, ಮುಖ್ಯಸ್ಥರು ಶ್ಯಾಮ್ ಚೆಟ್ಟಿ. ವಿಮಾನವೇ ಇಲ್ಲದಾಗ ಅದರ ನಿಯಮಗಳನ್ನು ಪರೀಕ್ಷಿಸುವುದೆಲ್ಲಿ? ಎನ್‌ಎಎಲ್ ಮತ್ತು ರಕ್ಷಣಾ ಸಂಶೋಧನೆಯ ಎಡಿಇ ಸಂಸ್ಥೆಗಳ ಸಿಮ್ಯುಲೇಟರುಗಳಲ್ಲಿ. ಅದು ಸಾಲದೆನಿಸಿ 1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ವಿಸ್ಟಾ ಎಂಬ ವಿಶೇಷ ಎಫ್-16ರಲ್ಲಿ ಹಾರಿಸಿ ನೋಡಿದರು. ವಿಸ್ಟಾ ಹಾರುವ ಸಿಮ್ಯುಲೇಟರು. ಬೇರೊಂದು ವಿಮಾನದ ನಿಯಮ ತುಂಬಿದರೆ ಆ ವಿಮಾನದ ಹಾಗೇ ವರ್ತಿಸುತ್ತದೆ. ಹೀಗೆ ತೇಜಸ್ ಹುಟ್ಟುವ ಮೊದಲೇ ಎಫ್-16ರ ಮೈಯಲ್ಲಿ ತೇಜಸ್ ಹಾರಿತು. ಹಾರಾಟ ನಿಯಂತ್ರಣದಲ್ಲಿ ನೆರವಾಗುತ್ತಿದ್ದ ಲಾಕ್‌ಹೀಡ್ ಮಾರ್ಟಿನ್‌ನ ವಿಭಾಗ ಇದ್ದದ್ದು ಎಡ್ವಿನ್ ಲಿಂಕ್ ಅವರ ಊರಿನ ಪಕ್ಕದಲ್ಲೇ. 1998ರ ಮೇ ತಿಂಗಳ ಪೋಖ್ರಾನ್ ಸ್ಫೋಟದ ನಂತರ ದಿಗ್ಬಂಧನ ಬಿತ್ತು, ಭಾರತದ ಎಂಜಿನಿಯರುಗಳು ಅರ್ಧಕ್ಕೇ ಮರಳಬೇಕಾಯಿತು. ಉಳಿದ ಕೆಲಸ ಬೆಂಗಳೂರಿನಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋತಿಯಾಲ್ ತೇಜಸ್‌ನ ಮೊದಲ ಮಾದರಿಯನ್ನು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿಸಿ 18 ನಿಮಿಷದ ಬಳಿಕ ಇಳಿಸಿದರು.

ಅದೇ ವಿಸ್ಟಾ ವಿಮಾನ ಎರಡು ದಶಕದ ಮೇಲೆ ಮತ್ತೆ ಸುದ್ದಿಗೆ ಬಂತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮುಗಳ ನಡುವೆ ವಾಯುಕಾಳಗದ ಪಂದ್ಯ ನಡೆಸಿತು. ಗೆದ್ದ ಹೆರಾನ್ ಸಿಸ್ಟಮ್ಸ್‌ನ ಪ್ರೋಗ್ರಾಮು ಅನುಭವಿ ಎಫ್-16 ಪೈಲಟ್ ಒಬ್ಬರನ್ನೂ 5–0ಯಿಂದ ಸೋಲಿಸಿತು. ಮುಖಾಮುಖಿ ನುಗ್ಗಿ ಗುಂಡು ಹಾರಿಸುವುದು ಅದರ ವರಸೆ; ಡಿಕ್ಕಿಯ ಭಯದಿಂದ ತರಬೇತಿಯಲ್ಲಿ ಮನುಷ್ಯರಿಗೆ ಅದು ನಿಷಿದ್ಧ. ಪಂದ್ಯದ ಎಫ್-16 ಹಾರಿದ್ದು ಜೆಎಸ್‌ಬಿಸಿಮ್ ಎಂಬ ಮುಕ್ತ ತಂತ್ರಾಂಶದಲ್ಲಿ. ಹವ್ಯಾಸಿಗಳ ಫ್ಲೈಟ್‌ಗಿಯರ್ ಸಿಮ್ಯುಲೇಟರಿನ ಹಲವು ವಿಮಾನಗಳನ್ನು ಹಾರಿಸುವುದೂ ಅದೇ. 2022ರ ಡಿಸೆಂಬರಿನಲ್ಲಿ ಇಂಥ ಪ್ರೋಗ್ರಾಮುಗಳು ಎಕ್ಸ್-62ಎ ಎಂದು ಹೆಸರು ಬದಲಿಸಿಕೊಂಡ ವಿಸ್ಟಾವನ್ನು ನಿಜವಾದ ಆಕಾಶದಲ್ಲಿ ಹಾರಿಸಿದವು.

ಎಷ್ಟೇ ನಿಖರವಾದರೂ ಕುರ್ಚಿಗೆ ದಕ್ಕದ ಸಂಗತಿಯೊಂದಿದೆ. ಎಫ್-16 ಬಿಗಿಯಾಗಿ ತಿರುಗುವಾಗ ಪೈಲಟ್‌ನ ಮೈ ಒಂಬತ್ತು ಪಟ್ಟು ಭಾರವಾಗುತ್ತದೆ, ರಕ್ತ ಕಾಲಿಗಿಳಿದು ಕಣ್ಣು ಕಪ್ಪಾಗುತ್ತದೆ. ಅದನ್ನು ತಡೆಯಲೆಂದೇ ಅದರ ಸೀಟನ್ನು 30 ಡಿಗ್ರಿ ಹಿಂದಕ್ಕೆ ವಾಲಿಸಿದ್ದಾರೆ. ಮನೆಯ ಪೈಲಟ್ ಅದೇ ತಿರುವಿನಲ್ಲಿ ಎಡಗೈಯಲ್ಲಿ ಕಾಫಿ ಲೋಟ ಹಿಡಿದಿರಬಲ್ಲ. ಉಳಿದದ್ದೆಲ್ಲ ಹತ್ತಿರ ಹತ್ತಿರ ಬಂದಿದೆ: ಎ-10ರ ಕೋಲು ಮತ್ತು ಥ್ರಾಟಲನ್ನು ಹೋಲುವ ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್, ತಲೆ ತಿರುಗಿಸಿದ ಕಡೆ ನೋಟ ತಿರುಗಿಸುವ ಟ್ರ್ಯಾಕ್‌ಐಆರ್, ಈಗ ವಿಆರ್ ಕನ್ನಡಕ. ರಷ್ಯದ ಜೊತೆ ಯುದ್ಧ ಶುರುವಾದ ಮೇಲೆ ಉಕ್ರೇನಿನ ಕೆಲವು ಪೈಲಟ್‌ಗಳು, ತಮಗಿನ್ನೂ ಯಾರೂ ಕೊಡದ ಎ-10ರ ಅಭ್ಯಾಸಕ್ಕೆ ಡಿಸಿಎಸ್ ಮುಂದೆ ಕೂತಿದ್ದರು. ಮೂಲದಲ್ಲಿ ಮಾಸ್ಕೋದಲ್ಲಿ ಬರೆದ ಕೋಡು ಅದು.

ನೋಟ ಇಷ್ಟು ಹತ್ತಿರವಾದದ್ದರ ಇನ್ನೊಂದು ಫಲ ಸುಳ್ಳು ಸುದ್ದಿ. 2022ರ ಫೆಬ್ರುವರಿಯಲ್ಲಿ ಕೀವ್ ನಗರದ ಮೇಲೆ ಶತ್ರು ವಿಮಾನಗಳನ್ನು ಉರುಳಿಸುತ್ತಿರುವ ಅಜ್ಞಾತ ಪೈಲಟ್ ಎಂದು ಜಗತ್ತೆಲ್ಲ ಹಂಚಿಕೊಂಡ ವಿಡಿಯೊ ಡಿಸಿಎಸ್‌ನದು. ಅದಕ್ಕೂ ಮೊದಲು, 2021ರ ಸೆಪ್ಟೆಂಬರಿನಲ್ಲಿ, ಅಫ್ಘಾನಿಸ್ತಾನದ ಪಂಜ್‌ಶೀರ್ ಮೇಲೆ ಪಾಕಿಸ್ತಾನದ ದಾಳಿ ಎಂದು ನಮ್ಮ ದೇಶದ ಕೆಲವು ಟಿವಿ ಚಾನೆಲ್‌ಗಳು ಬಿತ್ತರಿಸಿದ್ದು ಆರ್ಮಾ 3 ಎಂಬ ಆಟದ ತುಣುಕು. ಕ್ರಮಪಾಠ ಬಲ್ಲ ಹವ್ಯಾಸಿಗಳು ಇಂಥದ್ದನ್ನು ನಿಮಿಷದಲ್ಲಿ ಗುರುತಿಸುತ್ತಾರೆ. ಸುದ್ದಿಮನೆಗಳು ಅವರನ್ನು ಕೇಳುವುದಿಲ್ಲ.

ಇತ್ತ ಮೈಕ್ರೋಪ್ರೋಸ್ ಹೆಸರು ಹೊಸ ಮಾಲೀಕರ ಕೈಯಲ್ಲಿ ಮರುಹುಟ್ಟು ಪಡೆದಿದೆ. ಬಿಲ್ ಸ್ಟೀಲಿ ಕೂಡ ಅದರ ಜೊತೆ ಸೇರಿಕೊಂಡರು. 2023ರಲ್ಲಿ ಅದು ಫಾಲ್ಕನ್‌ನ ಹಕ್ಕುಗಳನ್ನೂ ಕೊಂಡಿತು. ತನ್ನಷ್ಟಕ್ಕೆ ಸಾಗುವ ಯುದ್ಧವನ್ನು ತಾನೂ ತರುವುದಾಗಿ ಈಗಲ್ ಡೈನಮಿಕ್ಸ್ ವರ್ಷಗಳಿಂದ ಹೇಳುತ್ತ ಬಂದಿದೆ. ಬಿಎಂಎಸ್‌ನವರು ಈ ಯಾವುದಕ್ಕೂ ಕಾಯದೆ ಕೊರಿಯಾದ ಅದೇ ಯುದ್ಧಕ್ಕೆ ಹೊಸ ನೆಲ, ಹೊಸ ಆಕಾಶ ಕೂರಿಸುತ್ತ ಹೋಗುತ್ತಿದ್ದಾರೆ. ಸಂಬಳ ಈಗಲೂ ಇಲ್ಲ.